ಬಚ್ಚಲಿನ ಕಪ್ಪೆ, ಕಾರ್ಗಿಲ್ ಮೀನು, ಬೇಬಿ ಚಿಕ್ಕಮ್ಮ: ಹೆಸರಿನ ಬಗ್ಗೆ ಒಂದಿಷ್ಟು

ಹಂಚಿನ ಮಾಡು (ಉಡುಪಿ), ರಾತ್ರಿ 9.40

ಮಳೆ ಹಿಡಿದು ನಾಲ್ಕು ದಿನ ಆಯ್ತು. ಕರೆಂಟು ಬಂದು ಹೋಗಿ ಬಂದು ಈಗ ಪುನಃ ಹೋಗಿದೆ. ಫೋನಿನಲ್ಲಿ 38 ಪರ್ಸೆಂಟ್ ಉಂಟು. ಮಂಡೆಯಲ್ಲಿ ಸುತ್ತುತ್ತಿರುವುದನ್ನು ಇಲ್ಲಿ ಇಳಿಸ್ತೇನೆ, ಉದ್ದ ಆಯ್ತು ಅಂತ ಬೈಯಬೇಡಿ.

ಸಂಜೆ ಬಚ್ಚಲಿಗೆ ಹೋದರೆ ಹಂಡೆಯ ಮೇಲಿನ ಗೋಡೆಯಲ್ಲಿ ಒಂದು ಕಪ್ಪೆ. ಹೊಸತೇನಲ್ಲ, ಪ್ರತಿ ಮಳೆಗಾಲ ಬರುವ ನೆಂಟ. ಬೆರಳ ತುದಿಯ ಗುಂಡನೆಯ ಗುಂಡಿಗಳನ್ನು ಗೋಡೆಗೆ ಒತ್ತಿ ಅಂಟಿಕೊಂಡು, ಗಂಟಲು ಮಾತ್ರ ಪಟಪಟ ಬಡಿಯುತ್ತಾ ಕೂತಿತ್ತು. ಫೋಟೋ ನೋಡಿ ಪ್ರಾಣಿ ಗುರುತಿಸುವ ಆಪ್ ಒಂದನ್ನು ಮಗಳು ಹಾಕಿಕೊಟ್ಟಿದ್ದಾಳೆ. ತೋರಿಸಿದೆ. ಮೂರು ಲ್ಯಾಟಿನ್ ಹೆಸರು ಕೊಟ್ಟಿತು, ಮೂರರ ಪಕ್ಕದಲ್ಲೂ 'ಇರಬಹುದು'. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ, "ಎಂತ, ಮರಕಪ್ಪೆಯಾ? ಕಿಟಕಿ ಹಾಕ್ಬೇಡ, ಅದಕ್ಕೆ ರಾತ್ರಿ ಹೊರಗೆ ಹೋಗ್ಲಿಕ್ಕುಂಟು" ಅಂದರು. ನೋಡಲೇ ಇಲ್ಲ. ಅದು ಒಮ್ಮೆ ಕಟಕಟ ಅಂದದ್ದನ್ನು ಕೇಳಿ ಹೇಳಿದ್ದು.

ಕಪ್ಪೆ ಅಂದ ಕೂಡಲೇ ನನಗೆ ಕೊಡಿಯಾಲ್ ಕಪ್ಪೆಯ ನೆನಪು. ಗೊತ್ತಿಲ್ಲದವರಿಗೆ: 2018ರಲ್ಲಿ ಮಂಗಳೂರಿನ ಕಪ್ಪೆಯೊಂದನ್ನು ಹೊಸ ಜಾತಿ ಅಂತ ಗುರುತಿಸಿ ಮೈಕ್ರೋಹೈಲಾ ಕೊಡಿಯಾಲ್ ಅಂತ ಹೆಸರಿಟ್ಟರು. ಕೊಡಿಯಾಲ್ ಅಂದರೆ ಕೊಂಕಣಿಯಲ್ಲಿ ಮಂಗಳೂರು. ಗಾತ್ರ ಸುಮಾರು ಎರಡು ಸೆಂಟಿಮೀಟರು. ಸಿಕ್ಕಿದ್ದು ಕುದುರೆಮುಖದಲ್ಲೂ ಅಲ್ಲ, ಬಿಸಿಲೆಯಲ್ಲೂ ಅಲ್ಲ. ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ, ಹಿಂದೆ ಹೊರದೇಶದ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ. ಇನ್ನೂ ವಿಚಿತ್ರ ಎಂದರೆ ಅದರ ಹತ್ತಿರದ ಸಂಬಂಧಿಕರು ಪಶ್ಚಿಮ ಘಟ್ಟದವರಲ್ಲ, ಆಗ್ನೇಯ ಏಷ್ಯಾದವರು. ದಿಮ್ಮಿಯ ಜೊತೆ ಹಡಗು ಹತ್ತಿ ಬಂದಿರಬಹುದೇ ಅಂತ ವಿಜ್ಞಾನಿಗಳೇ ಊಹಿಸಿದ್ದಾರೆ. ಹಾಗಾದರೆ ಸಮುದ್ರ ದಾಟಿ ಬಂದ ಒಬ್ಬನಿಗೆ ಊರಿನ ಹೆಸರನ್ನೇ ಕೊಟ್ಟು 'ಇನ್ನು ನೀನು ನಮ್ಮವ' ಅಂದ ಹಾಗಾಯ್ತು. ರೇಷನ್ ಕಾರ್ಡು ಇಷ್ಟು ಸುಲಭಕ್ಕೆ ಸಿಗುವುದಿಲ್ಲ.

ನನಗೆ ಆಶ್ಚರ್ಯ ಆದದ್ದು ಕೊಡಿಯಾಲ್ ಎಂಬ ಶಬ್ದ. ಊರಿನ ಹೆಸರಾಗಿ ಸರಕಾರಿ ಬೋರ್ಡಿನಲ್ಲಿ ಇಲ್ಲದ್ದು, ಅಡುಗೆಮನೆಯಲ್ಲಿ ಉಳಿದ ಹೆಸರು. ಅದು ಕಪ್ಪೆಯ ಬೆನ್ನು ಹತ್ತಿ ಲ್ಯಾಟಿನ್ ಪಟ್ಟಿಗೆ ಸೇರಿತು.

11 ಪರ್ಸೆಂಟ್. ಬಾಕಿ ನಾಳೆ.

ತಾಂಬ್ಡಿ ಭಾಜಿ (ಮಂಗಳೂರು)

ಕೊಡಿಯಾಳ ನಮ್ಮ ಕೊಂಕಣಿಯವರದ್ದು, ಯಾರೂ ತಕರಾರು ಮಾಡಬಾರದು. ಅಜ್ಜಿ ಬಂಟ್ವಾಳದಿಂದ ಬಸ್ಸು ಹತ್ತುವಾಗ 'ಕೊಡಿಯಾಳಾಕ್ ವಚ್ಚೆ' ಅಂತಲೇ ಹೇಳುತ್ತಿದ್ದದ್ದು. ಮಂಗಳೂರು ಅಂತ ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ಇಪ್ಪತ್ತೇಳು ನಂಬ್ರ (ಮಂಗಳೂರು)

ತಕರಾರು ಇಲ್ಲ, ಆದರೆ ಕಪ್ಪೆಗೆ ತುಳುವಿನ ಕುಡ್ಲ ಅಂತ ಇಡಬಹುದಿತ್ತು 😀 ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ಒಂದೇ ಊರಿಗೆ ಇಷ್ಟು ಹೆಸರು, ಆದರೆ ಸಿಟಿ ಬಸ್ಸು ಕೊನೆಗೆ ಹೋಗಿ ನಿಲ್ಲುವ ಜಾಗಕ್ಕೆ ಎಲ್ಲರೂ ಹೇಳುವುದು 'ಸ್ಟೇಟ್‌ಬ್ಯಾಂಕ್'. ಬೋರ್ಡಿನಲ್ಲೂ ಅದೇ. ಬೆಂಗಳೂರಿನಿಂದ ಬಂದ ನನ್ನ ದೋಸ್ತಿ ಒಬ್ಬ, 'ಇಷ್ಟು ಬಸ್ಸಿನ ಜನ ಎಲ್ಲ ದುಡ್ಡು ತೆಗೀಲಿಕ್ಕೆ ಹೋಗ್ತಿದ್ದಾರಾ' ಅಂತ ಕೇಳಿದ್ದ.

ಹೆಬ್ರಿ ಕಾಡು

ಕಪ್ಪೆಗಿಂತ ದೊಡ್ಡ ಸುದ್ದಿ ಉಂಟು. ಕಾಳಿಂಗ ಸರ್ಪ. 1836ರಲ್ಲಿ ಕ್ಯಾಂಟರ್ ಎಂಬವರು ಸುಂದರಬನದ ಕಡೆಯ ಹಾವು ನೋಡಿ ಹೆಸರಿಟ್ಟದ್ದು, ಅಲ್ಲಿಂದ ಇಲ್ಲಿವರೆಗೆ ಇಡೀ ಏಷ್ಯಾದ ಕಾಳಿಂಗ ಒಂದೇ ಜಾತಿ ಅಂತಲೇ ಲೆಕ್ಕ. 2024ರ ಅಕ್ಟೋಬರಿನಲ್ಲಿ ಅದನ್ನು ನಾಲ್ಕು ಮಾಡಿದರು. ನಮ್ಮ ಘಟ್ಟದ್ದಕ್ಕೆ ಒಫಿಯೊಫೇಗಸ್ ಕಾಳಿಂಗ. ನಮ್ಮ ಕನ್ನಡದ್ದೇ ಶಬ್ದ! ಆಗುಂಬೆ ಕಡೆ ವರ್ಷಗಟ್ಟಲೆ ಈ ಹಾವಿನ ಹಿಂದೆ ಬಿದ್ದ ಗೌರಿಶಂಕರ್ ಆ ತಂಡದಲ್ಲಿದ್ದರು. ನಾಲ್ಕಾಗಿ ಒಡೆದರೂ ಹಳೆ ಹೆಸರು 'ಹನ್ನಾ' ಹೋಗಲಿಲ್ಲ, ಮೊದಲು ಸಿಕ್ಕ ಕಡೆಯ ಹಾವಿಗೇ ಉಳಿಯಿತು. ಅವರ ಕಾನೂನು ಹಾಗೆ, ಮೊದಲು ಇಟ್ಟ ಹೆಸರಿಗೇ ಹಕ್ಕು.

ನಮ್ಮ ಮನೆಯ ಹಿಂದೆ ಬಿದಿರು ಹಿಂಡಿಲಿನ ಬುಡದಲ್ಲಿ ಒಮ್ಮೆ ಗೂಡು ಕಟ್ಟಿತ್ತು. ಎಲೆ ರಾಶಿ ಮಾಡಿ ಗೂಡು ಕಟ್ಟುವ ಹಾವು ಅದೊಂದೇ. ಕೇರೆ ಹಾವನ್ನು ಹಿಡಿದು ನುಂಗುವುದನ್ನು ಎರಡು ಸಲ ಕಣ್ಣಾರೆ ನೋಡಿದ್ದೇನೆ.

ಕೆಂಪುಕಲ್ಲು (ಕಾರ್ಕಳ)

ಕಾಳಿಂಗಕ್ಕೆ ಸಿಕ್ಕ ಭಾಗ್ಯ ಹಾರುವ ಓತಿಗೆ ಸಿಗಲಿಲ್ಲ. ನಮ್ಮ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಜಾರುವ ಬಡಪಾಯಿ, ಇರುವೆ ತಿಂದು ಬದುಕುತ್ತದೆ. ಅದರ ಲ್ಯಾಟಿನ್ ಹೆಸರಿನಲ್ಲಿ ಇರುವುದು ಡುಸ್ಸುಮಿಯೆ ಎಂಬ ಫ್ರೆಂಚ್ ಹಡಗು ವ್ಯಾಪಾರಿಯ ಹೆಸರು.

ಧಕ್ಕೆಯವ (ಮಲ್ಪೆ)

ನೀವೆಲ್ಲ ಕಾಡಿಗೇ ಹೋಗ್ತೀರಿ. ಕಡಲಿಗೆ ಬನ್ನಿ ಒಮ್ಮೆ. ಕಾರ್ಗಿಲ್ ಮೀನು ಗೊತ್ತುಂಟಾ? ಕಪ್ಪು ನೀಲಿ ಬಣ್ಣ, ಕೆಂಪು ಹಲ್ಲು, ಚರ್ಮ ಚಪ್ಪಲಿಯ ಹಾಗೆ ಗಟ್ಟಿ. ಬಂದರೆ ಬಲೆ ತುಂಬಾ ಅದೇ. ತಿನ್ನುವವರಿಲ್ಲ, ಫಿಶ್‌ಮೀಲ್ ಫ್ಯಾಕ್ಟ್ರಿಗೆ ಹೋಗುತ್ತದೆ, ರೇಟು ಕೇಳಿದರೆ ಡೀಸಿಲಿನ ಲೆಕ್ಕ ನೆನೆದು ಕಣ್ಣೀರು. ಕಾರ್ಗಿಲ್ ಯುದ್ಧದ ಸಮಯ ರಾಶಿ ರಾಶಿ ಬಿದ್ದದ್ದರಿಂದ ಆ ಹೆಸರು ಅಂತ ನಮ್ಮ ತಂಡೇಲರು ಹೇಳುವುದು. ರೇಡಿಯೋದಲ್ಲಿ ಕಾರ್ಗಿಲ್, ಪೇಪರಿನಲ್ಲಿ ಕಾರ್ಗಿಲ್, ಬಲೆಯಲ್ಲೂ ನುಗ್ಗಿ ಬಂದವರು. ಅದಕ್ಕೆ ಯಾವ ವಿಜ್ಞಾನಿಯನ್ನೂ ಕೇಳಲಿಲ್ಲ, ಯಾವ ಮಂತ್ರಿಯನ್ನೂ ಕೇಳಲಿಲ್ಲ.

ಕುಂದಾಪ್ರದ್ ಹೆಣ್ಣ್

ಹ್ವಾಯ್, ಬೂತಾಯಿ ಅಂಬ್ದಕ್ಕೆ ನಮ್ಮಲ್ಲ್ ಬೈಗಿ, ಕಾರ್ವಾರದ್ ಬದಿಗ್ ತಾರ್ಲೆ. ಮದಿ ಆಯಿ ಮಂಗ್ಳೂರಿಗ್ ಬಂದ್ ಸುರುವಿಗೆ ಮಾರ್ಕೆಟಲ್ಲ್ ಬೈಗಿ ಇತ್ತಾ ಅಂದ್ರೆ ಮೀನಿನ್ ಹೆಂಗ್ಸ್ ನನ್ ಮುಖವೇ ಕಂಡ್ಳ್. ಬುಟ್ಟಿ ತುಂಬ ಬೈಗಿಯೇ ಇತ್ತ್ ಮರಾಯ್ರೆ!

ಹಂಚಿನ ಮಾಡು (ಉಡುಪಿ), ಮರುದಿನ

ಧಕ್ಕೆಯವರೇ, ಕಾರ್ಗಿಲ್ ಮೀನಿಗೆ ಒಂದು ಸಲಾಂ. ಬಂಗುಡೆಯ ಕಥೆ ನಿಮಗೆ ಖುಷಿಯಾದೀತು. ಬಂಗುಡೆಯ ಲ್ಯಾಟಿನ್ ಹೆಸರು ರಾಸ್ಟ್ರೆಲ್ಲಿಜರ್ ಕಾನಗುರ್ತ. ಈ ಕಾನಗುರ್ತ ಲ್ಯಾಟಿನ್ ಅಲ್ಲವೇ ಅಲ್ಲ, ತೆಲುಗು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ವಿಶಾಖಪಟ್ಟಣದ ಮೀನುಗಳ ಪುಸ್ತಕ ಮಾಡುವಾಗ ಅಲ್ಲಿನವರು ಹೇಳಿದ ಹೆಸರನ್ನೇ ಬರೆದುಕೊಂಡ, 1803ರಲ್ಲಿ ಅಚ್ಚಾಯಿತು. ಪ್ಯಾರಿಸಿನಲ್ಲಿ ಕೂತ ಕುವಿಯೆ ಎಂಬ ಪ್ರಾಣಿವಿಜ್ಞಾನಿ ಅದನ್ನೇ ಎತ್ತಿಕೊಂಡ. ಇವತ್ತು ನಾವು ಬಂಗುಡೆ ಪುಳಿಮುಂಚಿ ತಿನ್ನುವಾಗ ಬಾಣಲೆಯಲ್ಲಿ ಬೇಯುವುದು ಒಂದು ತೆಲುಗು ಶಬ್ದ.

ಈಗ ರಾಜಕೀಯಕ್ಕೆ ಬರ್ತೇನೆ. ಜಗಳ ಬೇಡ, ಪಕ್ಷ ಎತ್ತಬೇಡಿ.

2014ರ ನವೆಂಬರ್ 1ಕ್ಕೆ ಮ್ಯಾಂಗಲೋರ್ ಮಂಗಳೂರಾಯ್ತು, ಒಟ್ಟು 12 ಊರುಗಳ ಹೆಸರು ಬದಲಾಯ್ತು. ಆಗ ನಮ್ಮ ಆಫೀಸಿನಲ್ಲಿ ಲಡ್ಡು ಹಂಚಿದರು. ಲಡ್ಡು ತಿನ್ನುತ್ತಾ ಯೋಚಿಸಿದೆ: ಬದಲಾದದ್ದು ಎಂತ? ಕನ್ನಡದಲ್ಲಿ ಅದು ಯಾವತ್ತೂ ಮಂಗಳೂರೇ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಇಲ್ಲಿ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದಾಗ ಅದಕ್ಕಿಟ್ಟ ಹೆಸರು 'ಮಂಗಳೂರ ಸಮಾಚಾರ'. ಜರ್ಮನಿಯ ಪಾದ್ರಿಗೆ ಆಗಲೇ ಗೊತ್ತಿದ್ದದ್ದನ್ನು ಗೆಜೆಟ್ ಒಪ್ಪಲಿಕ್ಕೆ 171 ವರ್ಷ ಬೇಕಾಯ್ತು. ಬದಲಾದದ್ದು ಇಂಗ್ಲಿಷಿನ ಸ್ಪೆಲ್ಲಿಂಗ್ ಮಾತ್ರ, ನಾವು ನಮಗೇ ಲಡ್ಡು ಹಂಚಿಕೊಂಡೆವು. ಬಂದರಿನ ಇಂಗ್ಲಿಷ್ ಬೋರ್ಡಿನಲ್ಲಿ ಈಗಲೂ ಮ್ಯಾಂಗಲೋರ್, ರಿಫೈನರಿಯ ಹೆಸರಲ್ಲೂ ಮ್ಯಾಂಗಲೋರ್. ವಿಮಾನದ ಲಗೇಜಿಗೆ ಅಂಟಿಸುವ ಚೀಟಿಯಲ್ಲಿ ಐಎಕ್ಸ್‌ಇ, ಅದು ಯಾವ ಭಾಷೆಯೋ ದೇವರಿಗೇ ಗೊತ್ತು.

ಗೋಳಗುಮ್ಮಟ (ಮಣಿಪಾಲ, ಊರು ವಿಜಯಪುರ)

ಸರ್, ಒಂದ್ ಮಾತ್ ಹೇಳ್ತೀನ್ರಿ. ನಿಮಗ ಏನೂ ಬದಲಾಗಿಲ್ಲ ಖರೆ, ನಮಗ ಬದಲಾಗೇದ. ನಾವ್ ಕನ್ನಡದಾಗೂ ಬಿಜಾಪುರ ಅಂತನ ಬರೀತಿದ್ವಿ. ನಮ್ಮ ಮುತ್ತ್ಯಾ ಇನ್ನೂ ಬಿಜಾಪುರನ ಅಂತಾನ. ಗುಲ್ಬರ್ಗಾದವ್ರಿಗೂ ಹಂಗ, ಬಾಯಾಗ ಕಲಬುರಗಿ ಇತ್ತು, ಬೋರ್ಡ್‌ನ್ಯಾಗ ಗುಲ್ಬರ್ಗಾ. 12 ಊರು ಒಂದ ತಕ್ಕಡ್ಯಾಗ ಹಾಕಬ್ಯಾಡ್ರಿ.

ಮತ್ತ ರೈಲ್ವೆಯವ್ರು ಸ್ಟೇಷನ್ ಹೆಸರು ಬದಲ್ ಮಾಡಿದ್ರೂ ಕೋಡ್ ಬದಲ್ ಮಾಡಿಲ್ಲ. ಟಿಕೆಟ್ ಬುಕ್ ಮಾಡುವಾಗ ನಮ್ಮೂರ ಕೋಡ್ ಏನ್ ಗೊತ್ತೇನ್ರಿ? ಬಿಜೆಪಿ. ನಮ್ಮ ಕಾಕಾ ಕಾಂಗ್ರೆಸ್ಸಿನಾಂವ. ಪ್ರತಿ ಸಲ ಟಿಕೆಟ್ ನೋಡಿ ಹೌಹಾರ್ತಾನ.

ಹಂಚಿನ ಮಾಡು

ಗೋಳಗುಮ್ಮಟರೇ, ತಪ್ಪಾಯ್ತು, ಒಪ್ಪಿಕೊಂಡೆ. ಮಂಗಳೂರಿನ ಮಟ್ಟಿಗೆ ಮಾತ್ರ ನನ್ನ ಮಾತು. ನಿಮ್ಮ ಕಾಕಾನಿಗೆ ಒಂದು ನಮಸ್ಕಾರ.

ಇಪ್ಪತ್ತೇಳು ನಂಬ್ರ

ಸರಕಾರಿ ಹೆಸರು ನಿಲ್ಲಬೇಕಾದರೆ ಕಂಡಕ್ಟರ್ ಒಪ್ಪಬೇಕು. ಜ್ಯೋತಿ ಟಾಕೀಸು ಕೆಡವಿ ಆಯ್ತು, ಸರ್ಕಲ್ಲಿಗೆ ಅಂಬೇಡ್ಕರ್ ಹೆಸರು ಉಂಟು, ಬಾಗಿಲಲ್ಲಿ ನೇತಾಡುವವ ಕೂಗುವುದು 'ಜ್ಯೋತಿ ಜ್ಯೋತಿ'. ಪಂಪ್‌ವೆಲ್‌ನಲ್ಲಿ ಮಹಾವೀರ ವೃತ್ತ ಅಂದರೆ ರಿಕ್ಷಾದವರು ಇನ್ನೊಮ್ಮೆ ಕೇಳ್ತಾರೆ. ಮ್ಯಾಪಿನ ಅಕ್ಕನ ಕಥೆ ಬೇರೆಯೇ. ಮೊನ್ನೆ ಹಂಪನಕಟ್ಟೆಯನ್ನು ಅವಳು ಹೇಳಿದ ರೀತಿಗೆ ಹಿಂದೆ ಕೂತಿದ್ದ ನನ್ನ ಅಪ್ಪ 'ಅದು ಯಾವ ರಾಜ್ಯದಲ್ಲಿ ಬರುತ್ತದೆ' ಅಂತ ಕೇಳಿದರು.

ಕೆಂಪುಕಲ್ಲು

ಬ್ಯಾಂಕುಗಳದ್ದೂ ಅದೇ ಕಥೆ ಅಲ್ವಾ? ವಿಜಯ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬೇರೆ ಬ್ಯಾಂಕಿನಲ್ಲಿ ವಿಲೀನವಾಗಿ ಹೋಯ್ತು. ಮರುವರ್ಷ ಅದೇ ತಾರೀಕಿಗೆ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್. ಮೂರೂ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ್ದು. ಮಣಿಪಾಲದಲ್ಲಿ ಸಿಂಡಿಕೇಟ್ ಸರ್ಕಲ್ ಇನ್ನೂ ಉಂಟು. ನಮ್ಮ ಅತ್ತೆ ಪಾಸ್‌ಬುಕ್ಕಿಗೆ ಹಳೆ ಹೆಸರೇ ಹೇಳುವುದು, 'ಸಿಂಡಿಕೇಟಿನದ್ದು ಕಪಾಟಿನಲ್ಲುಂಟು' ಅಂತ. ಅದರ ಮೇಲೆ ಕೆನರಾ ಅಂತ ಬರೆದದ್ದು ಅವರಿಗೆ ಕಾಣುವುದೇ ಇಲ್ಲ.

ಹೆಬ್ರಿ ಕಾಡು

ಹೆಸರಿನಿಂದ ಪ್ರಾಣ ಹೋಗುವುದೂ ಉಂಟು. ಮಣ್ಣುಮುಕ್ಕ ಹಾವು, ಬಾಲ ಮೊಂಡು, ತಲೆಯ ಹಾಗೇ ಕಾಣುತ್ತದೆ. ಯಾರೋ ಒಬ್ಬ ಎರಡು ತಲೆ ಹಾವು ಅಂದ. ಎರಡು ತಲೆ ಇದ್ದ ಮೇಲೆ ಅದೃಷ್ಟ, ಅದೃಷ್ಟ ಇದ್ದ ಮೇಲೆ ಲಕ್ಷ ಲಕ್ಷ. ವರ್ಷಕ್ಕೆ ನಾಲ್ಕು ಸಲ ಪೇಪರಿನಲ್ಲಿ ಓದ್ತೇವೆ, ಎರಡು ತಲೆ ಹಾವು ಮಾರಾಟಕ್ಕೆ ಯತ್ನ, ಇಂತಿಷ್ಟು ಮಂದಿ ಸೆರೆ. ಮಣ್ಣುಮುಕ್ಕ ಅಂತಲೇ ಕರೆದಿದ್ದರೆ ಅದು ಮಣ್ಣಿನಲ್ಲಿ ಸುಖವಾಗಿ ಇರುತ್ತಿತ್ತು. ಪೇಪರಿನವರೂ ಶೀರ್ಷಿಕೆಯಲ್ಲಿ ಎರಡು ತಲೆ ಅಂತಲೇ ಹಾಕ್ತಾರೆ, ಅದು ನನಗೆ ಸಿಟ್ಟು.

ತಾಂಬ್ಡಿ ಭಾಜಿ

ಇದು ನಾನು ಯೋಚಿಸಿಯೇ ಇರಲಿಲ್ಲ.

ಹಂಚಿನ ಮಾಡು, ಮೂರನೇ ದಿನ

ಇಷ್ಟೆಲ್ಲ ಹೆಸರು ಹೆಸರು ಅಂತ ಬರೆಯಲಿಕ್ಕೆ ನಿಜವಾದ ಕಾರಣ ಕಪ್ಪೆ ಅಲ್ಲ. ನಮ್ಮ ಬೇಬಿ ಚಿಕ್ಕಮ್ಮ.

ಹೌದು, ಹೆಸರೇ ಬೇಬಿ. ನಮ್ಮ ಕಡೆ ಆ ಪ್ರಾಯದ ಹೆಂಗಸರಲ್ಲಿ ಬೇಬಿ, ಅಪ್ಪಿ, ಅಕ್ಕು ಎಷ್ಟು ಮಂದಿ ಇದ್ದಾರೆ ಅಂತ ನಿಮಗೇ ಗೊತ್ತು. ಚಿಕ್ಕಮ್ಮನಿಗೆ 71. ನಲವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಸಂಧ್ಯಾ ಸುರಕ್ಷಾ ಹಣ ಬರುವುದು ಒಂದು ಬ್ಯಾಂಕಿನ ಖಾತೆಗೆ. ಮೇ ತಿಂಗಳಲ್ಲಿ ಕೆವೈಸಿ ಮಾಡಿಸಿ ಅಂತ ಮೆಸೇಜು ಬಂತು, ಇಂಗ್ಲಿಷಿನಲ್ಲಿ. ಕರಕೊಂಡು ಹೋದೆ.

ಆಧಾರಿನಲ್ಲಿ ಬೇಬಿ ಪೂಜಾರ್ತಿ. ಪಹಣಿಯಲ್ಲಿ ಬರೀ ಬೇಬಿ. ಪಾಸ್‌ಬುಕ್ಕಿನಲ್ಲಿ ಬೇಬಿ ಪೂಜಾರಿ, ಯಾಕೆಂದರೆ ಖಾತೆ ತೆರೆದ ದಿನ ಕಂಪ್ಯೂಟರಿನ ಎದುರು ಕೂತವರು ಹೊರಜಿಲ್ಲೆಯವರು. ಗಂಡಸು ಪೂಜಾರಿ ಆದರೆ ಹೆಂಗಸು ಪೂಜಾರ್ತಿ, ಶೆಟ್ಟಿ ಆದರೆ ಶೆಡ್ತಿ ಅಂತ ಅವರಿಗೆ ಹೇಳಿದವರು ಯಾರು? ಸ್ಪೆಲ್ಲಿಂಗ್ ತಪ್ಪು ಅಂತ ತಿಳಿದು ಒಳ್ಳೆಯ ಮನಸ್ಸಿನಿಂದಲೇ ತಿದ್ದಿರಬೇಕು. ಕೌಂಟರಿನ ಹುಡುಗ ಮೂರೂ ಕಾಗದವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, "ಇದು ಮೂರು ಜನ ಆಗ್ತದೆ ಅಜ್ಜಿ" ಅಂದ.

ಸರಿ, ಬೆರಳಚ್ಚು ಒಬ್ಬರದ್ದೇ ಅಲ್ವಾ, ಒತ್ತಿ ನೋಡುವ ಅಂದ. ಒತ್ತಿದರು. ಕೆಂಪು ದೀಪ. ಮೆಷಿನಿನ ಗಾಜನ್ನು ಅವ ತನ್ನ ಅಂಗಿಯ ತುದಿಯಿಂದ ಒರೆಸಿದ. ಚಿಕ್ಕಮ್ಮ ಹೆಬ್ಬೆರಳನ್ನು ಸೆರಗಿಗೆ ಉಜ್ಜಿದರು. ಪುನಃ ಕೆಂಪು. ತೋರುಬೆರಳು, ಕೆಂಪು. ಎಡಗೈ, ಕೆಂಪು. ನಾನು ಆ ಬೆರಳುಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಎಲೆ ಸುರುಟಿ, ತುದಿ ಮಡಚಿ, ನೂಲು ಸುತ್ತಿ ಸುತ್ತಿ, ಗೆರೆ ಅಂತ ಒಂದು ಉಳಿದಿಲ್ಲ. ನುಣ್ಣಗೆ ಹೊಳೆಯಲ್ಲಿ ಸಿಗುವ ಕಲ್ಲಿನ ಹಾಗೆ. "ಸ್ವಲ್ಪ ಗಟ್ಟಿ ಒತ್ತಿ" ಅಂದ ಹುಡುಗ. "ಗಟ್ಟಿ ಒತ್ತಿಯೇ ಹೀಗಾದದ್ದು ಮಗಾ" ಅಂದರು ಚಿಕ್ಕಮ್ಮ.

ಹುಡುಗನ ತಪ್ಪೇನಿಲ್ಲ, ಪಾಪ. ಕೊನೆಗೆ ಕಣ್ಣು ನೋಡುವ ಮೆಷಿನು ಬೇರೆ ಕಡೆ ಉಂಟು, ಅದಕ್ಕೆ ಮೊದಲು ಹೆಸರಿನದ್ದು ಸರಿ ಮಾಡಿಸಿ, ಅಫಿದವಿತ್ ತನ್ನಿ ಅಂತ ಕಳಿಸಿದ. ಎರಡು ತಿಂಗಳಿಂದ ಹಣ ಇಲ್ಲ.

ಧಕ್ಕೆಯವ

ನನ್ನ ಅಮ್ಮನದ್ದೂ ಇದೇ. ಅಪ್ಪಿ ಮೊಗೇರ್ತಿ. ಒಂದು ಕಾರ್ಡಿನಲ್ಲಿ 'ಆಪಿ' ಅಂತ ಬಂದಿದೆ. ನನ್ನ ಮಗ ನೋಡಿ, ಅಜ್ಜಿಯನ್ನು ಡೌನ್‌ಲೋಡ್ ಮಾಡ್ಬೇಕಾ ಅಂತ ಕೇಳಿದ.

ಕುಂದಾಪ್ರದ್ ಹೆಣ್ಣ್

ನಗ್ಯಾಡುದಾ ಮರ್ಕುದಾ ಗೊತ್ತಾತಿಲ್ಲೆ. ಬೇಬಿ ಚಿಕ್ಕಮ್ಮನ್ ಕೆಲ್ಸ ಬೇಗ ಆಯ್ಲಿ.

ತಾಂಬ್ಡಿ ಭಾಜಿ

ಕಣ್ಣಿನ ಸ್ಕ್ಯಾನ್ ಮಾಡಿಸುವಾಗ ಪೊರೆಯ ಆಪರೇಷನ್ ಆಗಿದೆಯಾ ನೋಡಿಕೊಳ್ಳಿ. ನಮ್ಮ ಅಜ್ಜಿಗೆ ಆಪರೇಷನ್ ಆದ ಮೇಲೆ ಹಳೆಯದ್ದು ತಾಳೆ ಆಗದೆ ಆಧಾರಿನಲ್ಲಿ ಹೊಸದಾಗಿ ತೆಗೆಸಬೇಕಾಯ್ತು.

ಇಪ್ಪತ್ತೇಳು ನಂಬ್ರ

ಒಂದು ಒಳ್ಳೆ ಸುದ್ದಿಯೂ ಹೇಳ್ತೇನೆ, ಬರೀ ಬೇಜಾರು ಯಾಕೆ. 2024ರ ಜೂನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ 110 ಹೊಸ ಭಾಷೆ ಸೇರಿಸಿತಲ್ಲ, ಅದರಲ್ಲಿ ತುಳುವೂ ಉಂಟು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಪ್ಯೂಟರಿನ ಅಕ್ಷರಗಳ ಪಟ್ಟಿಯಾದ ಯೂನಿಕೋಡ್ 16ಕ್ಕೆ ತುಳು-ತಿಗಳಾರಿ ಲಿಪಿ ಸೇರಿತು. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಅಂತ ಬರೆಸಿದವರು 18 ಲಕ್ಷ 46 ಸಾವಿರ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಅಂತ ಎಷ್ಟು ಚುನಾವಣೆಯಿಂದ ಕೇಳ್ತಿದ್ದೇವೆ. ದಿಲ್ಲಿಗಿಂತ ಮೊದಲು ಫೋನು ಒಪ್ಪಿತು.

ಕೆಂಪುಕಲ್ಲು

ಯೂನಿಕೋಡಿಗೆ ಸೇರಿದ್ದು ಹೌದು, ನನ್ನ ಫೋನಿನಲ್ಲಿ ಆ ಅಕ್ಷರ ಬರೀ ಖಾಲಿ ಚೌಕ. ಜಾಗ ಮಂಜೂರಾಗಿದೆ, ಮನೆ ಕಟ್ಟಿಲ್ಲ. ಶಬ್ದಗಳಿಗೆ ನಾನು ಈಗಲೂ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟೇ ನೋಡುವುದು, ಆರು ಸಂಪುಟ. ಒಂದೊಂದು ಎತ್ತಲಿಕ್ಕೂ ಎರಡು ಕೈ ಬೇಕು, ಆದರೆ ಚಾರ್ಜು ಮುಗಿಯುವುದಿಲ್ಲ. ಮನೆ ಹಿಂದೆ ಕೂಗುವ ಕೆಂಬೂತಕ್ಕೆ ನಾವು ಕುಪುಳು ಅಂತೇವೆ, ಅದನ್ನು ಆಪಿಗೆ ಹೇಳಿದರೆ 'ಇಂಥ ಹಕ್ಕಿ ಇಲ್ಲ'. ಹಕ್ಕಿ ಅಲ್ಲೇ ಕೂತು ಕೂಗ್ತಾ ಉಂಟು ಮಾರಾಯ್ರೆ.

ಗೋಳಗುಮ್ಮಟ

ಅಣ್ಣಾರ, ಚಿಕ್ಕಮ್ಮಾರ್ದು ಏನಾತ್ರಿ?

ಹಂಚಿನ ಮಾಡು, ಮುಂದಿನ ವಾರ

ಕೇಳಿದ್ದಕ್ಕೆ ಥ್ಯಾಂಕ್ಸ್. ನಿನ್ನೆ ನೋಟರಿಯವರ ಹತ್ತಿರ ಹೋಗಿದ್ದೆವು, ಕೋರ್ಟಿನ ಎದುರು, ಮಳೆ ನೀರು ಮೆಟ್ಟಿಲವರೆಗೆ. ಟೈಪು ಮಾಡುವವರು ಪಳಗಿದ ಕೈ, ಐದು ನಿಮಿಷದಲ್ಲಿ ತೆಗೆದುಕೊಟ್ಟರು: 'ಬೇಬಿ ಯಾನೆ ಬೇಬಿ ಪೂಜಾರ್ತಿ ಯಾನೆ ಬೇಬಿ ಪೂಜಾರಿ ಎಂಬ ಹೆಸರುಗಳು ಒಬ್ಬಳೇ ವ್ಯಕ್ತಿಯಾದ ನನ್ನವೇ ಆಗಿರುತ್ತವೆ'.

ಹೆಬ್ರಿಯವರ 'ಮೊದಲು ಇಟ್ಟ ಹೆಸರಿಗೇ ಹಕ್ಕು' ನೆನಪಾಗಿ, ಇದರಲ್ಲಿ ಮೊದಲಿನದ್ದು ಯಾವುದು ಚಿಕ್ಕಮ್ಮ ಅಂತ ಕೇಳಿದೆ. ಯಾವುದೂ ಅಲ್ಲವಂತೆ. ತೊಟ್ಟಿಲಲ್ಲಿ ಹಾಕಿದ ಹೆಸರು ಗಿರಿಜೆ. ಶಾಲೆಗೆ ಸೇರಿಸುವ ದಿನ ಅಜ್ಜ ಗಡಿಬಿಡಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು ಹೇಳಿದರು, ಮಾಸ್ತರು ಬರೆದರು. ನನಗೆ ಐವತ್ತಮೂರು ವರ್ಷ, ಇದು ಗೊತ್ತೇ ಇರಲಿಲ್ಲ.

ಸಹಿ ಹಾಕಲಿಕ್ಕೆ ಪೆನ್ನು ಕೊಟ್ಟರು. ಚಿಕ್ಕಮ್ಮ ಕನ್ನಡಕ ಏರಿಸಿ ಇಡೀ ಕಾಗದ ಓದಿದರು, ಯಾನೆಯಿಂದ ಯಾನೆಗೆ ಬೆರಳು ಇಟ್ಟು. ಆಮೇಲೆ ನೋಟರಿಯವರನ್ನು ಕೇಳಿದರು, "ಗಿರಿಜೆಯನ್ನೂ ಒಂದು ಸೇರಿಸಿದರೆ ಹೆಚ್ಚು ಚಾರ್ಜು ಆಗ್ತದಾ?"

ಧಕ್ಕೆಯವ

😂 ಸೇರಿಸಿದ್ರಾ?

ಹಂಚಿನ ಮಾಡು

ಇಲ್ಲ. ಸೇರಿಸಿದರೆ ಅದಕ್ಕೆ ದಾಖಲೆ ಕೇಳ್ತಾರೆ ಅಂದರು. ಕಣ್ಣಿನ ಮೆಷಿನಿನದ್ದು ಸೋಮವಾರ.

ಧಕ್ಕೆಯವ

ಆಗಲಿ. ಆಗಸ್ಟ್ 1ಕ್ಕೆ ನಮ್ಮ ಬೋಟು ಇಳಿಯುತ್ತದೆ. ಬಂಗುಡೆ ಬಂದರೆ ಚಿಕ್ಕಮ್ಮನಿಗೆ ಒಂದು ಪಾಲು ಕಳಿಸ್ತೇನೆ. ಕಾರ್ಗಿಲ್ ಬಂದರೆ ಫೋಟೋ ಮಾತ್ರ.